ಚಾಕೊಲೇಟಿನಲ್ಲಿ ಅದ್ದಿದ ದೆವ್ವಗಳ ಕುರಿತು ಊರಸಭೆಯ ನಿರ್ಣಯ

ಹ್ಯಾಲೋವೀನ್ ಹಬ್ಬವು ಅಕ್ಟೋಬರ್ ಮೂವತ್ತೊಂದರಂದು ಬರುತ್ತದೆ ಎಂಬುದು ಹೊರಗಿನವರ ನಂಬಿಕೆ. ಪೆನ್ಸಿಲ್ವೇನಿಯಾದ ನಮ್ಮ ಹೆಕ್‌ಮನ್ಸ್‌ಬರ್ಗ್‌ನಲ್ಲಿ ಅದು ಊರಸಭೆ ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಹೊತ್ತಿಗೆ ಬರುತ್ತದೆ. ಶುಕ್ರವಾರ ಹೈಸ್ಕೂಲಿನ ಫುಟ್‌ಬಾಲ್ ಪಂದ್ಯ ಇರುವುದರಿಂದ ಆ ದಿನ ದೆವ್ವಗಳಿಗೆ ಅನುಮತಿ ಇಲ್ಲ. ಭಾನುವಾರ ದೇವರದ್ದು. ಹಾಗಾಗಿ ಸಾಮಾನ್ಯವಾಗಿ ಗುರುವಾರ. ಸಂಜೆ ಅಗ್ನಿಶಾಮಕ ಠಾಣೆಯ ಸೈರನ್ ಕೂಗಿದ ಕೂಡಲೇ ಮಕ್ಕಳು ವೇಷ ಹಾಕಿಕೊಂಡು ಬೀದಿಗಿಳಿಯುತ್ತಾರೆ. ಮತ್ತೊಮ್ಮೆ ಕೂಗಿತೆಂದರೆ ಸತ್ತವರೆಲ್ಲ ಮನೆಗೆ ಹೋಗಿ ಕೈಕಾಲು ತೊಳೆದುಕೊಂಡು ಮಲಗತಕ್ಕದ್ದು. ಈ ಊರಸಭೆಯ ಕಾರ್ಯದರ್ಶಿ ನಾನು, ಲೂಯೆಲಾ ಜೆರ್ಬಿ. ಆದ್ದರಿಂದ ಮುಂದೆ ಹೇಳುವುದೆಲ್ಲ ಸರ್ವಾನುಮತದಿಂದ ಅಂಗೀಕಾರವಾದ ಸತ್ಯ ಎಂದು ತಿಳಿಯಬೇಕು.

ಹಬ್ಬಕ್ಕೆ ಮೊದಲಿನಿಂದ ಒಂದೇ ಒಂದು ನಿಯಮವಿತ್ತು, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಜಗಲಿಯ ದೀಪ ಉರಿಯುತ್ತಿದ್ದರೆ ಆ ಮನೆಯ ಬಾಗಿಲನ್ನು ಯಾವ ಮಗು ಬೇಕಾದರೂ ತಟ್ಟಿ ತಿನಿಸು ಕೇಳಬಹುದು. ದೀಪ ಆರಿದ್ದರೆ ಮುಂದಿನ ಮನೆ. ಯಾರೂ ಬರೆಯದ, ಯಾರೂ ಅನುಮೋದಿಸದ ನಿಯಮವೊಂದು ಇಷ್ಟು ವರ್ಷ ಒಂದು ತಕರಾರೂ ಇಲ್ಲದೆ ನಡೆದುಕೊಂಡು ಬಂದಿತ್ತಲ್ಲ, ಅದು ಊರಸಭೆಗೆ ಎಷ್ಟು ಅವಮಾನದ ಸಂಗತಿಯಾಗಿತ್ತು ಎಂಬುದು ನನಗೆ ಈಗ ಅರ್ಥವಾಗುತ್ತಿದೆ.

ಚೆಸ್ಟ್‌ನಟ್ ಬೀದಿಯಲ್ಲಿ ನನ್ನ ಗೆಳತಿ ಆರ್ಡಿತ್ ಕ್ರೈಡರ್ ಇದ್ದಾಳೆ. ಅವಳ ಜಗಲಿಗೆ ಮಕ್ಕಳು ಸಾಲುಗಟ್ಟುವುದು ಪ್ರೆಟ್ಜೆಲ್ ದೆವ್ವಗಳಿಗಾಗಿ. ಪ್ರೆಟ್ಜೆಲ್ ಕಡ್ಡಿ ಅಂದರೆ ಉಪ್ಪು ಉದುರಿಸಿ ಸುಟ್ಟ ಗರಿಗರಿ ಹಿಟ್ಟಿನ ಕಡ್ಡಿ, ನಮ್ಮ ಕಡೆ ಹಸುಗೂಸು ಕೂಡ ಅದನ್ನು ಚೀಪಿಕೊಂಡೇ ಹಲ್ಲು ಬರಿಸಿಕೊಳ್ಳುತ್ತದೆ. ಕುದಿಯುವ ನೀರಿನ ಮೇಲೆ ಬಟ್ಟಲಿಟ್ಟು ಬಿಳಿ ಚಾಕೊಲೇಟ್ ಕರಗಿಸುವುದು, ಕಡ್ಡಿಯನ್ನು ಅದರಲ್ಲಿ ಅದ್ದುವುದು, ಮೇಣದ ಕಾಗದದ ಮೇಲೆ ಮಲಗಿಸುವುದು, ಆರುವ ಮೊದಲು ಎರಡು ಕಪ್ಪು ಕಣ್ಣು ಅಂಟಿಸುವುದು. ದೆವ್ವ ತಯಾರು. ಇದಕ್ಕಿಂತ ಸುಲಭದ ಕೆಲಸ ಅಡಿಗೆಮನೆಯಲ್ಲಿ ಇನ್ನೊಂದಿಲ್ಲ, ನೀರು ಕಾಯಿಸುವುದೊಂದನ್ನು ಬಿಟ್ಟರೆ.

ಆದರೆ ಆರ್ಡಿತ್ ದೆವ್ವ ಮಾಡುವುದು ಊರ ಮಕ್ಕಳಿಗಾಗಿ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಅವಳ ಮಗ ಕರ್ಟಿಸ್ ಹೆಂಡತಿಯನ್ನು ಬಿಟ್ಟು ಅರಿಜೋನಾಕ್ಕೆ ಹೊರಟುಹೋದ. ವಿಚ್ಛೇದನದ ಕೋರ್ಟಿನಲ್ಲಿ ಆರ್ಡಿತ್ ಮಗನ ಪರವಾಗಿ ಒಂದು ಮಾತು ಹೇಳಿದಳು. ಹೆತ್ತ ಕರುಳು, ಹೇಳಿಬಿಟ್ಟಳು. ಅವತ್ತಿನಿಂದ ಸೊಸೆ ಶಾನಾ ಅವಳ ಮುಖ ನೋಡುವುದಿಲ್ಲ, ಮೊಮ್ಮಗಳು ಮೇಸಿಯನ್ನು ಕಳಿಸುವುದೂ ಇಲ್ಲ. ಇಬ್ಬರ ಮನೆಗಳ ನಡುವೆ ಇರುವುದು ಒಂದು ಪೆಟ್ರೋಲ್ ಬಂಕು, ಒಂದು ಚರ್ಚು. ಆದರೂ ಹ್ಯಾಲೋವೀನ್ ಸಂಜೆ, ದೀಪ ಉರಿಯುವ ಜಗಲಿಗೆ ಹೋಗಬೇಡ ಎಂದು ಮಗುವಿಗೆ ಹೇಳುವುದು ಯಾವ ತಾಯಿಗೂ ಆಗುವ ಮಾತಲ್ಲ, ಬೀದಿಯೆಲ್ಲ ನೋಡುತ್ತಿರುತ್ತದೆ. ಶಾನಾ ಕೈಕಟ್ಟಿಕೊಂಡು ರಸ್ತೆ ಬದಿಯಲ್ಲಿ ನಿಲ್ಲುತ್ತಾಳೆ. ಮೇಸಿ ಒಬ್ಬಳೇ ಮೆಟ್ಟಿಲು ಹತ್ತುತ್ತಾಳೆ. ಆರ್ಡಿತ್ ಬಗ್ಗಿ ಅವಳ ಚೀಲಕ್ಕೆ ದೆವ್ವ ಹಾಕುತ್ತಾ ಶಾಲೆ ಹೇಗಿದೆ, ಹಲ್ಲು ಯಾವಾಗ ಬಿತ್ತು ಎಂದು ಕೇಳಿಕೊಳ್ಳುತ್ತಾಳೆ. ಹಿಂದೆ ನಿಂತ ಮಗು ಪಕ್ಕಕ್ಕೆ ಸರಿ ಎನ್ನುವವರೆಗೆ. ವರ್ಷಕ್ಕೆ ಅವಳಿಗೆ ಸಿಗುವ ಮೊಮ್ಮಗಳು ಅಷ್ಟೇ.

ಈ ವರ್ಷದ ಬೇಸಿಗೆ ಕೊನೆಯಲ್ಲಿ ಪಕ್ಕದ ಊರು ಟಿವಿಯಲ್ಲಿ ಬಂತು. ಅವರು ಒಂದು ದೊಡ್ಡ ಕುಂಬಳಕಾಯಿ ಬೆಳೆದಿದ್ದರು. ನಮ್ಮ ಊರಸಭೆಯ ಅಧ್ಯಕ್ಷರಾದ ಗ್ಲೆನ್ ಉಮ್‌ಹೋಲ್ಟ್ ಅವರಿಗೆ ಅದನ್ನು ನೋಡಿ ಊಟ ಸೇರಲಿಲ್ಲ. ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು, ನಮ್ಮ ಮಕ್ಕಳು ಅಂಗಡಿಯ ತಿನಿಸು ತಿಂದು ಹಾಳಾಗುತ್ತಿದ್ದಾರೆ, ತಾಯಂದಿರ ಕೈರುಚಿ ಮರೆಯಾಗುತ್ತಿದೆ, ಆದ್ದರಿಂದ ಈ ಸಲ ಇಡೀ ಊರು ಚಾಕೊಲೇಟಿನಲ್ಲಿ ಅದ್ದಿದ ತಿನಿಸನ್ನು ಮನೆಯಲ್ಲೇ ಮಾಡಬೇಕು ಎಂದರು. ತಮ್ಮ ಬಾಮೈದ ಟಾಡ್ ಅವರ ಗೋದಾಮಿನಲ್ಲಿ ಹೋದ ವರ್ಷದ ಚಾಕೊಲೇಟ್ ಮಾರಾಟವಾಗದೆ ಉಳಿದಿರುವುದಕ್ಕೂ ಈ ಅಭಿಯಾನಕ್ಕೂ ಯಾವ ಸಂಬಂಧವೂ ಇಲ್ಲವೆಂದು, ಯಾರೂ ಕೇಳದೆಯೇ, ಸ್ಪಷ್ಟಪಡಿಸಿದರು. ಪ್ರಕಟಣೆಯನ್ನು ನಾನೇ ಬರೆದೆ.

"ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪ್ರತಿಯೊಂದು ಕುಟುಂಬವೂ ಹ್ಯಾಲೋವೀನ್ ತಿನಿಸನ್ನು ಮನೆಯಲ್ಲೇ, ಸ್ವಂತ ಕೈಯಿಂದ, ಸಂತೋಷದಿಂದ ತಯಾರಿಸತಕ್ಕದ್ದು. ಸದರಿ ಕೆಲಸವು ಬಹಳ ಸುಲಭವಾಗಿರತಕ್ಕದ್ದು. ಕಷ್ಟವೆನಿಸಿದವರು ಕಚೇರಿಯ ವೇಳೆಯಲ್ಲಿ ಬಂದು ಕಾರಣ ತಿಳಿಸತಕ್ಕದ್ದು."

ಮಾರನೆಯ ದಿನ ಆರ್ಡಿತ್ ಕಚೇರಿಗೆ ಬಂದಳು, ಮುಖ ಅರಳಿತ್ತು.

"ಅಂತೂ ನಿಮ್ಮ ಊರಸಭೆಗೂ ಬುದ್ಧಿ ಬಂತು ಅನ್ನು," ಅಂದಳು. "ಈ ಸಲ ಒಂದು ಡಬ್ಬ ಜಾಸ್ತೀನೇ ಮಾಡ್ತೀನಿ ಕಣೇ. ಮೇಸಿಗೆ ಎರಡು ಕೊಟ್ರೆ ಶಾನಾ ಏನೂ ಅನ್ನಲ್ಲ ಅಲ್ವಾ?"

"ನೀನು ಆತುರ ಪಡಬೇಡ," ಅಂದೆ. "ಇನ್ನೂ ಒಂದೇ ಸಭೆ ಆಗಿರೋದು."

ಅಭಿಯಾನದ ಉದ್ಘಾಟನೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ನಡೆಯಿತು. ಕೆಲಸ ಎಷ್ಟು ಸುಲಭ ಎಂಬುದನ್ನು ಅಧ್ಯಕ್ಷರೇ ಏಪ್ರನ್ ಕಟ್ಟಿಕೊಂಡು ತೋರಿಸಿದರು. ಅವರು ಶುಚಿತ್ವಕ್ಕೆ ಹೆಸರಾದವರು, ಸೌಟನ್ನು ಚೆನ್ನಾಗಿ ತೊಳೆದು ಒರೆಸದೆ ಹಾಗೇ ಚಾಕೊಲೇಟಿಗೆ ಹಾಕಿದರು. ಕರಗಿದ ಚಾಕೊಲೇಟಿಗೆ ನೀರು ಸೋಕಿದರೆ ಏನಾಗುತ್ತದೆಂದು ಸಭಾಂಗಣದಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು, ಅಧ್ಯಕ್ಷರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಚಾಕೊಲೇಟು ಗಂಟು ಕಟ್ಟಿ, ಬಿರಿದು, ಕೊನೆಗೆ ಕಾಂಕ್ರೀಟಿನಂತಾಯಿತು. ಸೌಟು ಅದರಲ್ಲೇ ಸಿಕ್ಕಿಕೊಂಡಿತು. ಅಧ್ಯಕ್ಷರು ಬಟ್ಟಲು ಸಮೇತ ಸೌಟನ್ನು ಎತ್ತಿ ಜನರಿಗೆ ತೋರಿಸಿದರು.

"ಇದೇನಪ್ಪಾ ಇದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸಮಾಧಿ ಕಲ್ಲು," ಎಂದರು ಟಾಡ್, ಕ್ಷಣವೂ ತಡಮಾಡದೆ. "ಹ್ಯಾಲೋವೀನ್ ಅಲ್ವಾ."

ಜನ ಚಪ್ಪಾಳೆ ತಟ್ಟಿದರು. ಸಮಾಧಿ ಕಲ್ಲನ್ನು ಅಧಿಕೃತ ವಿನ್ಯಾಸಗಳಲ್ಲಿ ಒಂದೆಂದು ಅಲ್ಲೇ ಅಂಗೀಕರಿಸಲಾಯಿತು. ಅದು ಈಗಲೂ ಊರಸಭೆಯ ಕಪಾಟಿನಲ್ಲಿದೆ, ಸೌಟು ಬಿಟ್ಟಿಲ್ಲ.

ತೊಂದರೆ ಶುರುವಾದದ್ದು ಪ್ರಶ್ನೋತ್ತರದಲ್ಲಿ. ಹೊಸ ಬಡಾವಣೆಯ ಒಬ್ಬ ತಂದೆ ಎದ್ದು ನಿಂತ. "ಎಲ್ಲಾ ಸರಿ, ನನ್ನ ಮಗು ತಿನ್ನೋದನ್ನ ಯಾರು ಯಾವ ಅಡಿಗೆಮನೇಲಿ ಮಾಡಿದ್ರು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಹ್ಯಾಲೋವೀನಿಗೆ ಮಕ್ಕಳಿಗೆ ಕೊಟ್ಟ ಸೇಬಿನೊಳಗೆ ಬ್ಲೇಡ್ ಇಟ್ಟಿದ್ರಂತಲ್ಲ, ಆ ಸುದ್ದಿ ಕೇಳಿಲ್ವಾ?"

ಎಲ್ಲರೂ ಕೇಳಿದ್ದರು. ನಾನು ಚಿಕ್ಕವಳಿದ್ದಾಗಿನಿಂದ ಕೇಳುತ್ತಲೇ ಇದ್ದೇನೆ. ಆ ಸೇಬು ಯಾವ ಊರಿನದು ಎಂದು ಕೇಳಿದರೆ ನಮ್ಮವರು ಪಕ್ಕದ ಊರಿನದು ಎನ್ನುತ್ತಾರೆ, ಪಕ್ಕದ ಊರಿನವರು ನಮ್ಮ ಊರಿನದು ಎನ್ನುತ್ತಾರೆ. ಹೀಗೆ ಎರಡೂ ಊರಿನವರ ಸಾಕ್ಷ್ಯ ಇರುವುದರಿಂದ ಸುದ್ದಿಯನ್ನು ನಿಜವೆಂದು ಪರಿಗಣಿಸಲಾಯಿತು. ಊರಸಭೆಯ ವಕೀಲರಾದ ಬ್ರೂಬೇಕರ್ ಅವರ ಅಭಿಪ್ರಾಯ ಕೇಳಲಾಯಿತು.

"ಮನೇಲಿ ಮಾಡಿದ್ದು ಅಂದ್ರೆ ಕಾನೂನಿನ ಪ್ರಕಾರ ಅಪಾಯ," ಎಂದರು ವಕೀಲರು. "ಕಾರ್ಖಾನೇದಾದ್ರೆ ಕಾರ್ಖಾನೆ ಮೇಲೆ ಕೇಸು ಹಾಕಬಹುದು. ಅಜ್ಜಿ ಮೇಲೆ ಕೇಸು ಹಾಕಿ ಏನು ಸಿಗುತ್ತೆ?"

"ಹಾಗಾದ್ರೆ ಅಭಿಯಾನ ಬಿಟ್ಟುಬಿಡೋಣ್ವಾ?" ಎಂದೆ ನಾನು.

ಅಧ್ಯಕ್ಷರು ನನ್ನನ್ನು ಕನಿಕರದಿಂದ ನೋಡಿದರು. "ಬ್ಯಾನರ್ ಕಟ್ಟಿಯಾಗಿದೆಯಲ್ಲಮ್ಮ," ಎಂದರು.

ಬ್ಯಾನರ್ ಕಟ್ಟಿದ ಮೇಲೆ ಸರಕಾರಗಳೇ ಹಿಂದೆ ಸರಿಯುವುದಿಲ್ಲ, ನಮ್ಮದು ಪುಟ್ಟ ಊರಸಭೆ. ಹೀಗಾಗಿ ತಿನಿಸನ್ನು ಮನೆಯಲ್ಲೇ ಮಾಡತಕ್ಕದ್ದು, ಆದರೆ ಆ ಮನೆಯು ಸುರಕ್ಷಿತವಾಗಿರತಕ್ಕದ್ದು ಎಂದು ತಿದ್ದುಪಡಿಯಾಯಿತು. ಸುರಕ್ಷಿತ ಮನೆ ಎಂದರೇನು ಎಂಬುದನ್ನು ವಕೀಲರು ಹೋಟೆಲಿನ ಕಾಯಿದೆಯಿಂದ ಎತ್ತಿಕೊಂಡರು. ಸದರಿ ಮನೆಯಲ್ಲಿ ಸಾಕುಪ್ರಾಣಿ ಇರತಕ್ಕದ್ದಲ್ಲ. ಮಕ್ಕಳು ಅಡಿಗೆಮನೆಗೆ ಬರತಕ್ಕದ್ದಲ್ಲ. ಕಿಟಕಿಗೆ ಬಟ್ಟೆಯ ಪರದೆ ಇರತಕ್ಕದ್ದಲ್ಲ. ಸದರಿ ಕಟ್ಟಡದಲ್ಲಿ ಯಾರೂ ವಾಸಿಸತಕ್ಕದ್ದಲ್ಲ, ಮಲಗತಕ್ಕದ್ದಲ್ಲ.

ತನಿಖಾಧಿಕಾರಿ ಮನೆಮನೆ ತಿರುಗಿದ. ಊರಿನ ಒಂದು ಮನೆಯೂ ಮನೆಯಾಗಿ ತೇರ್ಗಡೆಯಾಗಲಿಲ್ಲ. ಎಲ್ಲದರಲ್ಲೂ ಜನ ಇದ್ದರು. ಆರ್ಡಿತ್ ಮನೆಯಲ್ಲಿ ಜನದ ಜೊತೆಗೆ ಬೆಕ್ಕು ಬೇರೆ ಇತ್ತು. ಅವಳು ಅವನಿಗೆ ಕಾಫಿ ಕೊಟ್ಟು, ಆಗತಾನೇ ಅದ್ದಿಟ್ಟ ದೆವ್ವವನ್ನೂ ಕೊಟ್ಟಳು. ಅವನು ಎರಡು ತಿಂದ, ಮಗಳಿಗೆಂದು ಒಂದು ಜೇಬಿಗೆ ಹಾಕಿಕೊಂಡ, ಆಮೇಲೆ ಬಾಗಿಲಿಗೆ ಹೀಗೊಂದು ಚೀಟಿ ಅಂಟಿಸಿ ಹೋದ: "ಈ ತಿನಿಸನ್ನು ಮನೆಯಲ್ಲಿ ಮಾಡಿರುವುದು ಕಂಡುಬಂದಿರುವ ಕಾರಣ ಇದನ್ನು 'ಮನೆಯಲ್ಲೇ ಮಾಡಿದ್ದು' ಎಂದು ಕರೆಯತಕ್ಕದ್ದಲ್ಲ."

ಊರಿನಲ್ಲಿ ಯಾರೂ ವಾಸಿಸದ, ಯಾರೂ ಮಲಗದ, ಬೆಕ್ಕಿಲ್ಲದ, ಪರದೆಯಿಲ್ಲದ ಕಟ್ಟಡ ಒಂದೇ ಒಂದಿತ್ತು. ಟಾಡ್ ಅವರ ಗೋದಾಮು. ಕಾವಲುಗಾರ ಮಲಗುತ್ತಾನೆ, ಆದರೆ ಅದು ಕೆಲಸದ ಹೊತ್ತಿನಲ್ಲಾದ್ದರಿಂದ ಲೆಕ್ಕಕ್ಕಿಲ್ಲ. ಸದರಿ ಗೋದಾಮನ್ನು ಊರಿನ ಸಮಸ್ತರ ಮನೆ ಎಂದು ಸಭೆ ಘೋಷಿಸಿತು. ಅಲ್ಲಿ ಒಂದು ಯಂತ್ರ ಕೂತಿತು. ಯಂತ್ರ ಕಡ್ಡಿಯನ್ನು ಅದ್ದುತ್ತದೆ, ಕಣ್ಣು ಅಂಟಿಸುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚುತ್ತದೆ, ಮೇಲೆ 'ಅಮ್ಮನ ಕೈಯಿಂದ' ಎಂಬ ಮುದ್ರೆ ಒತ್ತುತ್ತದೆ. ನಾಗರಿಕರು ದುಡ್ಡು ಕೊಟ್ಟು ಪೆಟ್ಟಿಗೆ ಕೊಂಡು ಮನೆಗೆ ಒಯ್ದು, ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ರಾತ್ರಿ ಇಡತಕ್ಕದ್ದು. ಬೆಳಗಾಗುವಷ್ಟರಲ್ಲಿ ಅದು ಮನೆಯ ತಿನಿಸಾಗುತ್ತದೆ. ಇದು ಹೇಗೆ ಎಂದು ಒಬ್ಬರು ಕೇಳಿದ್ದಕ್ಕೆ ವಕೀಲರು, ನೀವು ಈ ಊರಿಗೆ ಬಂದು ಒಂದು ರಾತ್ರಿ ಕಳೆದ ಮೇಲೇ ತಾನೆ ನಿವಾಸಿ ಆದದ್ದು ಎಂದರು. ಅವರು ತೃಪ್ತರಾಗಿ ಕೂತರು.

ಜನ ಹಾಗೇ ಮಾಡಿದರು. ಅದೂ ಎಂಥ ಶ್ರದ್ಧೆಯಿಂದ ಮಾಡಿದರು. ನನ್ನ ಪಕ್ಕದ ಮನೆಯವಳು ರಾತ್ರಿ ಪೆಟ್ಟಿಗೆ ಇಟ್ಟು, ಬೆಳಿಗ್ಗೆ ಎದ್ದು, ಸೊಂಟ ಹಿಡಿದುಕೊಂಡು, "ಈ ಹಬ್ಬ ಬಂತೂಂದ್ರೆ ಮೈಕೈ ನೋವು ಕಣ್ರೀ, ಆದ್ರೂ ಮಕ್ಕಳಿಗೆ ಕೈಯಾರೆ ಮಾಡಿಕೊಡೋ ಸಂತೋಷಾನೇ ಬೇರೆ," ಎಂದಳು. ನನಗೆ ಅವಳ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಊರಸಭೆಯ ನೌಕರಳಾದ್ದರಿಂದ ಬಾರಿಸಲಿಲ್ಲ.

ಆರ್ಡಿತ್ ಮುಂದಿನ ಸಭೆಗೆ ಬಂದು ಸಾರ್ವಜನಿಕರ ಸರದಿಯಲ್ಲಿ ಎದ್ದು ನಿಂತಳು. ಮೈಕು ಅವಳಿಗಿಂತ ಎತ್ತರವಾಗಿತ್ತು.

"ಗ್ಲೆನ್, ನೀನು ಚಿಕ್ಕವನಿದ್ದಾಗ ನಮ್ಮ ಜಗಲೀಲೇ ನಿಂತು ತಿಂದಿದ್ದೀಯ," ಅಂದಳು. "ನಿನಗೇನಾಯ್ತು?"

"ಅಧ್ಯಕ್ಷರೇ ಅಂತ ಸಂಬೋಧಿಸಬೇಕು," ಎಂದು ವಕೀಲರು ನೆನಪಿಸಿದರು.

"ಅಧ್ಯಕ್ಷರೇ, ನಿನಗೇನಾಯ್ತು?"

ಅಧ್ಯಕ್ಷರು ನಕ್ಕರು. ಅವರು ಕೆಟ್ಟವರಲ್ಲ, ಅದೇ ತೊಂದರೆ. "ಆರ್ಡಿತ್ ಅಜ್ಜಿ, ನಿಮ್ಮ ದೆವ್ವದ ಬಗ್ಗೆ ನಮಗೆ ತುಂಬಾ ಗೌರವ ಇದೆ. ಅದಕ್ಕೇ ಯಂತ್ರಕ್ಕೆ ನಿಮ್ಮದರ ಅಳತೇನೇ ಕೊಟ್ಟಿರೋದು. ನೀವು ಒಂದು ಪೆಟ್ಟಿಗೆ ತಗೊಂಡು ಜಗಲೀಲಿ ನಿಂತ್ಕೊಳ್ಳಿ. ಮಾಡೋ ಕಷ್ಟ ತಪ್ಪಿತಲ್ಲ?"

"ನನಗೆ ಕಷ್ಟ ಅಂತ ಯಾರಿಗೆ ಹೇಳಿದ್ದೆ ನಾನು?"

"ಯಾರೂ ಕಷ್ಟ ಅನ್ನಬಾರದು ಅಂತಲೇ ಅಭಿಯಾನ," ಎಂದರು ಟಾಡ್.

ಆರ್ಡಿತ್ ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡಳು. ಆಮೇಲೆ, "ದೀಪ ಹಾಕಬಹುದು ತಾನೆ?" ಎಂದು ಕೇಳಿದಳು. ಹಾಕಬಹುದು ಎಂದರು. "ಮಕ್ಕಳು ಮೆಟ್ಟಿಲು ಹತ್ತಬಹುದು ತಾನೆ?" ಹತ್ತಬಹುದು ಎಂದರು. ಹಾಗಾದರೆ ಒಂದು ಪೆಟ್ಟಿಗೆ ಕೊಡಿ ಅಂದಳು. ಮೊಮ್ಮಗಳು ಬರುವುದಾದರೆ ಅವಳು ಜಲ್ಲಿಕಲ್ಲು ಬೇಕಾದರೂ ಹಂಚುತ್ತಿದ್ದಳು, ನನಗೆ ಗೊತ್ತು. ಮಾಡಿಟ್ಟ ದೆವ್ವಗಳನ್ನು ನನ್ನ ಮನೆಗೆ ತಂದುಕೊಟ್ಟಳು. ನಾನು ಅವನ್ನು ತಿಂದೆ, ಕೋಪ ಬಂದಾಗಲೆಲ್ಲ ಒಂದೊಂದರಂತೆ, ಬೇಗ ಮುಗಿದವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ನಮ್ಮ ಊರಸಭೆಯೇ ಅಲ್ಲ. ಹಬ್ಬ ಹತ್ತಿರ ಬರುತ್ತಿದ್ದಂತೆ ವಕೀಲರಿಗೆ ಒಂದು ಹೊಸ ಯೋಚನೆ ಬಂತು. ಮುಚ್ಚಿದ ಪೊಟ್ಟಣ ಜಗಲಿಯಿಂದ ಮಗುವಿನ ಚೀಲಕ್ಕೆ ಬೀಳುತ್ತದೆ, ಸರಿ. ಚೀಲ ಬೀದಿಯಲ್ಲಿ ಹೋಗುತ್ತದೆ. ಬೀದಿಯಲ್ಲಿ ಕತ್ತಲೆ. ದಾರಿಯಲ್ಲಿ ಯಾರೋ ಪೊಟ್ಟಣ ಬದಲಾಯಿಸಿದರೆ? ಬದಲಾಯಿಸುವವರು ಯಾರು ಎಂದು ಕೇಳಿದೆ. "ಅದು ಗೊತ್ತಿಲ್ಲದಿರೋದೇ ಅಪಾಯ," ಎಂದರು. ಜೊತೆಗೆ ಮಕ್ಕಳು ಮುಖವಾಡ ಹಾಕಿರುತ್ತಾರೆ, ಒಬ್ಬರ ಮಗು ಇನ್ನೊಬ್ಬರ ಮನೆಯ ತಿನಿಸನ್ನು ಎರಡೆರಡು ಸಲ ಪಡೆಯುವ ಸಂಭವವಿದೆ. ಸಭೆ ಗಾಬರಿಯಾಯಿತು. ಅಧ್ಯಕ್ಷರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಕೂತಿದ್ದು, ಕಣ್ಣು ಬಿಟ್ಟಾಗ ನಿರ್ಣಯ ಸಿದ್ಧವಾಗಿತ್ತು.

"ಈ ಮೂಲಕ ಆದೇಶಿಸಲಾಗಿದೆ: ಹಬ್ಬದ ಸಂಜೆ ಮಕ್ಕಳು ಬೀದಿಗೆ ಬರತಕ್ಕದ್ದಲ್ಲ, ತಂತಮ್ಮ ಮನೆಗಳಲ್ಲೇ ಇರತಕ್ಕದ್ದು. ಎಲ್ಲಾ ಮನೆಗಳ ತಿನಿಸನ್ನು ಊರಸಭೆಯು ನೇಮಿಸಿದ ಹಬ್ಬದ ಸಮಿತಿಯು ಮುಂಚಿತವಾಗಿ ಸಂಗ್ರಹಿಸಿ, ಒಟ್ಟುಮಾಡಿ, ಸ್ವಯಂಸೇವಕರ ಮೂಲಕ ಮಕ್ಕಳ ಮನೆಬಾಗಿಲಿಗೆ ತಲುಪಿಸತಕ್ಕದ್ದು. ಮಕ್ಕಳಿಲ್ಲದ ಮನೆಗಳವರು ಗೊಂದಲ ತಪ್ಪಿಸಲು ಜಗಲಿಯ ದೀಪ ಆರಿಸಿಡತಕ್ಕದ್ದು. ಸ್ವಯಂಸೇವಕರ ಗುರುತು ಮಕ್ಕಳಿಗೆ ಹತ್ತತಕ್ಕದ್ದಲ್ಲ; ಗುರುತು ಹತ್ತಿದರೆ ಮಕ್ಕಳು ಮಾತಿಗೆ ನಿಲ್ಲುವ, ಸಲಿಗೆ ಬೆಳೆಸುವ ಸಂಭವವಿರುವುದರಿಂದ ಸ್ವಯಂಸೇವಕರು ಸಮಿತಿಯ ವೇಷ ಧರಿಸತಕ್ಕದ್ದು."

ಅಂದರೆ ಹ್ಯಾಲೋವೀನ್ ಸಂಜೆ ವೇಷ ಹಾಕಿ ಮನೆಮನೆ ಬಾಗಿಲು ತಟ್ಟುವವರು ದೊಡ್ಡವರು, ಒಳಗೆ ಕೂತು ಬಾಗಿಲು ತೆರೆಯುವವರು ಮಕ್ಕಳು. ಇದನ್ನು ಓದಿ ಊರಿನಲ್ಲಿ ಒಬ್ಬರಾದರೂ ಹೊಟ್ಟೆ ಹಿಡಿದು ನಗುತ್ತಾರೆಂದು ಕಾದೆ. ತಂದೆತಾಯಂದಿರು ನಿಟ್ಟುಸಿರು ಬಿಟ್ಟರು, ಚಳಿಯಲ್ಲಿ ಸುತ್ತುವುದು ತಪ್ಪಿತಲ್ಲ ಎಂದು. ಶಾಲೆಯವರು ಅಭಿನಂದಿಸಿದರು. ಟಾಡ್ ಅವರಿಗೆ ವೇಷಗಳ ಗುತ್ತಿಗೆ ಸಿಕ್ಕಿತು.

ಆರ್ಡಿತ್ ಆ ಆದೇಶ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ಕೂತಳು. ಕೋಟು ತೆಗೆಯಲಿಲ್ಲ.

"ಏನೇ ಇದು, ದೀಪ ಆರಿಸಬೇಕಂತೆ."

"ಹೌದು."

"ನನ್ನ ಮನೇಲಿ ಮಗು ಇಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಅಂದಳು. ಆಮೇಲೆ ಅಳಲು ಶುರುಮಾಡಿದಳು. ನಾನು ಅವಳನ್ನು ಅವಳ ಗಂಡನ ಮಣ್ಣಿನಲ್ಲೂ ಅಳುವುದು ಕಂಡವಳಲ್ಲ. "ಹೋದ್ವರ್ಷ ಅವಳಿಗೆ ಮುಂದಿನ ಹಲ್ಲು ಇರಲಿಲ್ಲ ಲೂಯೆಲಾ. ಈಗ ಬಂದಿರುತ್ತೆ. ನೋಡೋದು ಬೇಡ್ವಾ ನಾನು?"

ನನಗೆ ಮೈ ಉರಿಯಿತು. ಆದರೆ ನನ್ನ ಕೈಯಲ್ಲಿದ್ದದ್ದು ಮುದ್ರೆ ಒಂದೇ. "ಸ್ವಯಂಸೇವಕರು ಸಾಲದಂತೆ," ಅಂದೆ. "ವೇಷ ಅಂದ್ರೆ ಎಲ್ಲರೂ ಜಾರಿಕೊಳ್ತಿದ್ದಾರೆ. ಮೇಪಲ್ ಬೀದಿಗೆ ಇನ್ನೂ ಯಾರೂ ಇಲ್ಲ."

ಮೇಪಲ್ ಬೀದಿಯಲ್ಲಿ ಶಾನಾ ಮನೆ. ಆರ್ಡಿತ್ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು.

"ನನಗೆ ಮಂಡಿ ನೋವು, ಆಗಲ್ಲ ಅಂತ ಬರೆದುಬಿಡ್ತೀಯೇನೇ?"

"ನಿನಗೆ ಮಂಡಿ ಇದೆ ಅಂತಲೇ ಬರೆಯಲ್ಲ," ಅಂದೆ.

ಇಬ್ಬಿಬ್ಬರಾಗಿ ಹೋಗಬೇಕೆಂಬ ಷರತ್ತಿದ್ದುದರಿಂದ ಅವಳ ಜೊತೆ ನನ್ನ ಹೆಸರನ್ನೂ ಹಾಕಿದೆ. ವೇಷ ಪ್ರೆಟ್ಜೆಲ್ ದೆವ್ವದ್ದು. ತಲೆಯಿಂದ ಮಂಡಿವರೆಗೆ ಬಿಳಿ ಸ್ಪಂಜಿನ ಕೊಳವೆ, ಮೇಲೆ ಎರಡು ಕಪ್ಪು ಕಣ್ಣು. ನಿಜವಾದ ಕಣ್ಣಿಗೆ ಬಾಯಿಯ ಜಾಗದಲ್ಲಿ ಒಂದು ಜಾಲರಿ. ಕೈ ಹೊರಗೆ ಬರಲು ತೂತು ಬಿಟ್ಟಿದ್ದರು, ಅದಕ್ಕೂ ಬಿಳಿ ಕೈಗವಸು. ಸ್ವಯಂಸೇವಕರು ಒಂದೇ ಒಂದು ವಾಕ್ಯ ಹೇಳಬಹುದಿತ್ತು: 'ಊರಸಭೆಯ ಪರವಾಗಿ ಹಬ್ಬದ ಶುಭಾಶಯಗಳು.' ಅದನ್ನೂ ಒಂದೇ ಬಗೆಯ ದಪ್ಪ ದನಿಯಲ್ಲಿ ಹೇಳಲು ಅಗ್ನಿಶಾಮಕ ಠಾಣೆಯಲ್ಲಿ ತರಬೇತಿ ಕೊಟ್ಟರು. ಆರ್ಡಿತ್ ತರಗತಿಗೇ ಮೊದಲಿಗಳಾಗಿ ತೇರ್ಗಡೆಯಾದಳು.

ಗುರುವಾರ ಸಂಜೆ ಸೈರನ್ ಕೂಗಿತು. ಊರಿನ ಬೀದಿಗಳಲ್ಲಿ ಒಂದು ಮಗುವೂ ಇರಲಿಲ್ಲ. ನಮ್ಮಂಥ ಉದ್ದುದ್ದನೆಯ ಬಿಳಿ ದೆವ್ವಗಳು, ಹೆಚ್ಚಿನವು ಅರವತ್ತು ದಾಟಿದವು, ಕೈಗಾಡಿ ತಳ್ಳಿಕೊಂಡು, ಏದುಸಿರು ಬಿಡುತ್ತಾ, ಎದುರಾದರೆ ತಲೆ ಬಗ್ಗಿಸಿ ನಮಸ್ಕರಿಸಿ ಮುಂದೆ ಹೋಗುತ್ತಿದ್ದವು. ಕಿಟಕಿ ಕಿಟಕಿಯಲ್ಲೂ ಮಕ್ಕಳು ಗಾಜಿಗೆ ಮೂಗೊತ್ತಿ ನೋಡುತ್ತಿದ್ದರು. ಒಂದು ಮನೆಯಲ್ಲಿ ಹುಡುಗನೊಬ್ಬ ಕಡಲ್ಗಳ್ಳನ ವೇಷ ಹಾಕಿಕೊಂಡು ಸೋಫಾದ ಮೇಲೆ ಸುಮ್ಮನೆ ಕೂತಿದ್ದ.

ಶಾನಾ ಮನೆಯ ಜಗಲಿ ದೀಪ ಉರಿಯುತ್ತಿತ್ತು. ಆರ್ಡಿತ್ ಮೆಟ್ಟಿಲ ಹತ್ತಿರ ನಿಂತಳು. ಕೊಳವೆಯೊಳಗೆ ಅವಳ ಉಸಿರು ನನಗೆ ಕೇಳುತ್ತಿತ್ತು.

"ನಾನು ತಟ್ಟಲಾ?" ಅಂದೆ.

"ನಾನೇ ತಟ್ತೀನಿ. ಸುಮ್ನಿರು."

ಬಾಗಿಲು ತೆರೆದವಳು ಶಾನಾ. ಅವಳ ಸೊಂಟದ ಪಕ್ಕದಿಂದ ಮೇಸಿ ಇಣುಕಿದಳು, ಜೇನುಹುಳುವಿನ ವೇಷ, ಬೆನ್ನಿಗೆ ರೆಕ್ಕೆ. ಮುಂದಿನ ಹಲ್ಲುಗಳು ಬಂದಿದ್ದವು, ಸ್ವಲ್ಪ ದೊಡ್ಡದಾಗೇ ಬಂದಿದ್ದವು.

"ಊರಸಭೆಯ ಪರವಾಗಿ ಹಬ್ಬದ ಶುಭಾಶಯಗಳು," ಎಂದಳು ಆರ್ಡಿತ್, ಕಲಿಸಿದಂತೆಯೇ, ದಪ್ಪ ದನಿಯಲ್ಲಿ.

ಪೊಟ್ಟಣ ಕೊಟ್ಟಳು. ಮೇಸಿ ಅದನ್ನು ತಿರುಗಿಸಿ ನೋಡಿ ತಾಯಿಯನ್ನು ಕೇಳಿದಳು. "ನಾವು ಅಜ್ಜಿ ಮನೆಗೆ ಹೋಗಲ್ವಾ ಹಾಗಾದ್ರೆ?"

"ಈ ವರ್ಷ ಯಾರೂ ಎಲ್ಲಿಗೂ ಹೋಗಂಗಿಲ್ಲ ಪುಟ್ಟಿ. ಎಲ್ಲರ ಮನೇದೂ ಇಲ್ಲಿಗೇ ಬರುತ್ತೆ."

"ಅಜ್ಜೀದೂ ಇದರಲ್ಲಿ ಇದೆಯಾ?"

ಶಾನಾ ಮಗಳ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದಳು. ಅವಳ ಮುಖ ಒಂದು ಕ್ಷಣ ಮೆತ್ತಗಾದದ್ದನ್ನು ನಾನು ಜಾಲರಿಯಿಂದ ನೋಡಿದೆ, ಹೌದು, ನೋಡಿದೆ. ಆ ಹೊತ್ತಿಗೆ ಸರಿಯಾಗಿ ಆರ್ಡಿತ್ ಜಗಲಿಯಲ್ಲಿ ಬರಿಮುಖದಲ್ಲಿ ನಿಂತಿದ್ದಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ನಿಂತಿದ್ದದ್ದು ಸ್ಪಂಜಿನ ಕೊಳವೆ. ಕೊಳವೆ ತಲೆಯಾಡಿಸಿತು, ಇದೆ ಎಂಬಂತೆ. ತಲೆಯಾಡಿಸುವುದರ ವಿರುದ್ಧ ನಿಯಮ ಇರಲಿಲ್ಲ.

"ಸರಿ, ಸಮಿತಿಗೆ ಥ್ಯಾಂಕ್ಸ್ ಹೇಳು," ಎಂದಳು ಶಾನಾ.

ಮೇಸಿ ಕತ್ತೆತ್ತಿ ಆ ಕಪ್ಪು ಕಣ್ಣುಗಳನ್ನು ನೋಡಿದಳು. "ಥ್ಯಾಂಕ್ಯೂ, ಸಮಿತಿ," ಅಂದಳು.

ಬಾಗಿಲು ಮುಚ್ಚಿತು. ಆರ್ಡಿತ್ ಮೆಟ್ಟಿಲು ಇಳಿದು ಬಂದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಅವಳು ಬಿಡಲಿಲ್ಲ. "ಎರಡು ಹಲ್ಲೂ ಬಂದಿವೆ ಕಣೇ, ನೋಡಿದ್ಯಾ," ಅಂದಳು. ಬೀದಿಯ ಉಳಿದ ಮನೆಗಳಿಗೆಲ್ಲ ಅವಳೇ ಗಾಡಿ ತಳ್ಳಿದಳು.

ಅಭಿಯಾನ ಯಶಸ್ವಿಯಾಯಿತೆಂದು ಮುಂದಿನ ಸಭೆಯಲ್ಲಿ ಘೋಷಿಸಲಾಯಿತು. ಒಂದೇ ಒಂದು ಬ್ಲೇಡೂ ಪತ್ತೆಯಾಗಿರಲಿಲ್ಲ. ಟಿವಿಯವರು ಬಂದು, ಮನೆಯಲ್ಲೇ ಸುಲಭವಾಗಿ ಚಾಕೊಲೇಟ್ ತಿನಿಸು ಮಾಡುವ ಊರು ಎಂದು ಟಾಡ್ ಅವರ ಯಂತ್ರದ ಚಿತ್ರ ತೋರಿಸಿದರು. ಹಬ್ಬ ಇನ್ನು ಮುಂದೆ ಹೀಗೇ ನಡೆಯತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಆಮೇಲೆ ಸಾರ್ವಜನಿಕರ ಸರದಿ ಬಂದಾಗ ಆರ್ಡಿತ್ ಎದ್ದು ಮೈಕಿನ ಹತ್ತಿರ ಹೋದಳು.

"ಅಧ್ಯಕ್ಷರೇ, ಮುಂದಿನ ವರ್ಷಾನೂ ನನಗೆ ಮೇಪಲ್ ಬೀದೀನೇ ಕೊಡಬೇಕು."

ವಕೀಲರು ಕಾಗದ ತಿರುವಿದರು. ಒಬ್ಬರನ್ನೇ ಎರಡು ಸಲ ಒಂದೇ ಬೀದಿಗೆ ಕಳಿಸುವುದು ಕಷ್ಟ, ಮಕ್ಕಳಿಗೆ ಗುರುತು ಹತ್ತುವ ಅಪಾಯವಿದೆ, ಅದರಲ್ಲೂ ಆ ಬೀದಿಯಲ್ಲಿ ಇವರ ಸಂಬಂಧಿಕರೇ ಇರುವುದಾಗಿ ತಿಳಿದುಬಂದಿದೆ ಎಂದರು.

"ಗುರುತು ಹತ್ತಲ್ಲ," ಎಂದಳು ಆರ್ಡಿತ್.

"ಹಾಗಂತ ಹೇಗೆ ನಂಬೋದು?"

"ನನ್ನ ಮೊಮ್ಮಗಳಿಗೇ ಹತ್ತಲಿಲ್ಲ. ಇಷ್ಟು ಹತ್ತಿರದಿಂದ ನೋಡಿದಳು, ಮುಖಕ್ಕೆ ಮುಖ ಕೊಟ್ಟು. ನನ್ನನ್ನ ಸಮಿತಿ ಅಂತ ಕರೆದಳು. ಬೇಕಾದ್ರೆ ಲೂಯೆಲಾನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಧ್ಯಕ್ಷರು ಪೆನ್ನು ಕೆಳಗಿಟ್ಟು, "ನಿಜವೇ, ಕಾರ್ಯದರ್ಶಿಗಳೇ?" ಎಂದರು. ಆರ್ಡಿತ್ ಮೈಕಿನ ಕಂಬ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು, ನಾನೆಲ್ಲಿ ಬೇರೆ ಏನಾದರೂ ಹೇಳಿಬಿಡುತ್ತೇನೋ ಎಂದು ಹೆದರಿದಂತೆ.

"ನಿಜ," ಎಂದೆ. "ಮಗು ಗುರುತು ಹಿಡಿಯಲಿಲ್ಲ."

ಸಭೆಗೆ ಬಹಳ ಸಂತೋಷವಾಯಿತು. ಇಂಥ ಸ್ವಯಂಸೇವಕರೇ ಊರಿಗೆ ಬೇಕಾದವರು ಎಂದು ಅಧ್ಯಕ್ಷರು ಹೇಳಿದರು, ವಕೀಲರು ಆಕ್ಷೇಪಣೆ ಹಿಂತೆಗೆದುಕೊಂಡರು, ಮೇಪಲ್ ಬೀದಿಯನ್ನು ಆರ್ಡಿತ್ ಕ್ರೈಡರ್ ಅವರ ಹೆಸರಿಗೆ ಮಂಜೂರು ಮಾಡಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆರ್ಡಿತ್ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿ ತನ್ನ ಕುರ್ಚಿಗೆ ಹೋಗಿ ಕೂತಳು.